ನೀಲಿ ತೊಟ್ಟಿಯ ಮಾದ್ರಿನಾ

ಬೋಟಿಯನ್ನು ಎಷ್ಟು ತೊಳೆದರೂ ಕೈಗೆ ಹತ್ತಿದ ವಾಸನೆ ಹೋಗುವುದಿಲ್ಲ ಎಂಬುದು ಎಪಿಫಾನಿಯಾಗೆ ಹೊಸ ವಿಷಯವೇನಲ್ಲ. ಬೂದಿ ಹಾಕಿ ತಿಕ್ಕಿ, ಉಪ್ಪು ಹಾಕಿ ತಿಕ್ಕಿ, ನಿಂಬೆಯ ಹೋಳು ಉಜ್ಜಿ, ಕಡೆಗೆ ಪುದೀನ ಕಿವುಚಿ ಮೂಗಿನ ಹತ್ತಿರ ಹಿಡಿದರೆ ಮೊದಲು ಪುದೀನ, ಅದರ ಹಿಂದೆ ನಿಂಬೆ, ಅದರ ಹಿಂದೆ ಹಟ ಹಿಡಿದು ಕೂತ ಹಸುವಿನ ಹೊಟ್ಟೆ. ಗಂಡ ಬದುಕಿದ್ದಾಗ ಆ ಕೈಯಿಂದ ನನ್ನ ಮುಖ ಮುಟ್ಟಬೇಡ ಅನ್ನುತ್ತಿದ್ದ. ಅದೇ ಕೈ ಮಾಡಿದ ಸಾರನ್ನು ಮಾತ್ರ ಬಟ್ಟಲು ನೆಕ್ಕಿ ಕುಡಿಯುತ್ತಿದ್ದ. ಅದಕ್ಕೆಲ್ಲ ಅವಳು ಬೇಸರ ಪಟ್ಟುಕೊಂಡವಳಲ್ಲ. ಸಂತೆಯಲ್ಲಿ ಬೋಟಿಯವಳು ಎಂದೇ ಕರೆದರೂ ಓ ಅನ್ನುತ್ತಿದ್ದಳು. ಆದರೆ ಈ ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲೆ ಕೂತು ಬೋಟಿಯ ಒಳಮೈ ಕೆರೆಯುವಾಗ, ವಾಸನೆ ಕೈಯಿಂದಲ್ಲ, ತನ್ನ ಗಂಟಲಿನ ಒಳಗಿನಿಂದಲೇ ಏಳುತ್ತಿದೆ ಅನ್ನಿಸಿತು. ಉಗುಳಿದಳು. ಮತ್ತೆ ಉಗುಳಿದಳು. ನಿನ್ನೆ ಸಂಜೆ ತಿಂದ ಸಿಹಿ ಬ್ರೆಡ್ಡು ಇನ್ನೂ ಎದೆಯಲ್ಲೇ ನಿಂತಿತ್ತು. ಅಡುಗೆಮನೆಯ ಮೇಜಿನ ಕೆಳಗೆ ಕಸೂತಿ ಬಟ್ಟೆ ಹೊದ್ದುಕೊಂಡು ಆ ಬ್ರೆಡ್ಡು ಬಂದ ಬುಟ್ಟಿ ಇತ್ತು. ಬಟ್ಟೆ ಎಷ್ಟು ಬೆಳ್ಳಗಿತ್ತೆಂದರೆ ಆ ಮನೆಯಲ್ಲಿ ಅದನ್ನು ಎಲ್ಲಿ ಇಟ್ಟರೂ ಕಣ್ಣಿಗೆ ಹೊಡೆಯುತ್ತಿತ್ತು.

ಇವತ್ತು ಎಲ್ಲರೆದುರು ಅವಳು ಒಂದು ಪ್ರಶ್ನೆ ಕೇಳಬೇಕಾಗಿತ್ತು. ಒಂದೇ ಒಂದು. ಸಾಂತಾ ರುಫಿನಾದ ಕಸಾಯಿಖಾನೆ ಊರಿನ ನೆತ್ತಿಯ ಮೇಲಿದೆ; ಅದರ ಕೊಳಕೆಲ್ಲ ಕಾಲುವೆಗೆ ಬಿದ್ದು ಮೇಲ್ಕೇರಿಯ ನಡುವೆಯೇ ಹರಿಯುತ್ತದೆ. ಮೇಲ್ಕೇರಿ ದಾಟಿದ್ದೇ ಕಾಲುವೆ ಹೊರಳಿ ಕಂದಕಕ್ಕೆ ಬೀಳುವುದರಿಂದ, ಚೌಕದ ಸುತ್ತ ಮಹಡಿ ಮನೆ ಕಟ್ಟಿಕೊಂಡವರ ಮೂಗಿಗೆ ಅದರ ಗೊಡವೆಯಿಲ್ಲ. ದನ ಕಡಿಯುವ ದಿನ ನೀರು ಕೆಂಪಗೆ ಬರುತ್ತದೆ, ಆಮೇಲೆ ಕಂದು, ಆಮೇಲೆ ಹಸಿರು; ಕಲ್ಲುಗಳಿಗೆ ಕೂದಲು, ಸಗಣಿ, ಹೆಪ್ಪುಗಟ್ಟಿದ ರಕ್ತ ಹತ್ತಿಕೊಂಡು ಬಿಸಿಲೇರಿದಂತೆ ಉಬ್ಬುತ್ತವೆ. ದಾಟುವ ಮಕ್ಕಳ ಕಾಲಿಗೆ ಹುಣ್ಣು. ಪಕ್ಕದ ಮನೆಯ ದೊಮಿತಿಲಾಳ ಮೊಮ್ಮಗಳ ಮೊಣಕಾಲಿಂದ ಕೆಳಗೆ ಒಣಗುವುದು, ಒಡೆಯುವುದು, ಒಣಗುವುದು, ಇದೇ ಆಗಿಹೋಗಿತ್ತು. ಓಟು ಕೇಳಲು ಬಂದಾಗ ಮೇಯರ್ ರುಸ್ಬೆಲ್ ತಿನೆಯೋ ಇದೇ ಕಾಲುವೆಯ ದಂಡೆಯಲ್ಲಿ ನಿಂತು, ನಿಮ್ಮ ಮೂಗು ನನ್ನ ಮೂಗು ಅಂದಿದ್ದ. ಗೆದ್ದ ಮೇಲೆ ಮೂಗನ್ನು ತೆಗೆದುಕೊಂಡು ಹೋದವನು ಈಗ ತಿರುಗಿ ಬಂದದ್ದು ಒಂದು ತೊಟ್ಟಿಯೊಂದಿಗೆ: ಕೊಳಕು ನೀರನ್ನು ಸೋಸಿ ಬಿಡುವ ತೊಟ್ಟಿಯಂತೆ. ಆಕಾಶನೀಲಿ ಬಣ್ಣ, ಅದರ ಮೇಲೆ ಆಳುದ್ದದ ಅಕ್ಷರಗಳಲ್ಲಿ ಅವನ ಹೆಸರು. ಮೇಲ್ಕೇರಿಯವರು ಸಮಿತಿ ಕಟ್ಟಿಕೊಂಡು ಹೋಗಿ ನೋಡಿದರು. ಬಡಗಿ ಪ್ರುದೆನ್ಸಿಯೋ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಸುತ್ತಲೂ ತೆವಳಿ ನೋಡಿ, ಮೈಯೆಲ್ಲ ಕೆಸರಾಗಿ ಎದ್ದು ಹೇಳಿದ: ಹೊರಗೆ ಹೋಗುವುದಕ್ಕೆ ತೂತು ಇದೆ, ಒಳಗೆ ಬರುವುದಕ್ಕೆ ಏನೂ ಇಲ್ಲ. ಕಸಾಯಿಖಾನೆಯ ಕೊಳವೆ ತೊಟ್ಟಿಯ ಮಗ್ಗುಲಲ್ಲೇ ಹಾದು ಮೊದಲಿನಂತೆ ಕಾಲುವೆಗೆ ಕಾರುತ್ತಿತ್ತು. ತೊಟ್ಟಿಯ ಒಳಗೆ ಬೆಚ್ಚಗೆ, ಒಣಗಿದ ಸಿಮೆಂಟಿನ ಮೇಲೆ, ಒಂದು ಹೆಣ್ಣುನಾಯಿ ಮರಿ ಹಾಕಿಕೊಂಡು ಮಲಗಿತ್ತು. ವರ್ಷಕ್ಕೊಮ್ಮೆ ಊರವರೆದುರು ಕೂತು ಲೆಕ್ಕ ಒಪ್ಪಿಸಬೇಕು ಎಂಬುದು ಮೇಯರನಿಗೆ ಕಾನೂನು. ಅವತ್ತು ಬೇರೇನೂ ಕೇಳುವುದು ಬೇಡ, ಕೇಳಿದರೆ ಅವನು ಜಾರಿಕೊಳ್ಳುತ್ತಾನೆ. ಕೊಳವೆ ಎಲ್ಲಿ ಸೇರುತ್ತದೆ ತೋರಿಸು ಎಂದಷ್ಟೇ ಕೇಳುವುದು, ಒಬ್ಬರೇ ಕೇಳುವುದು ಎಂದು ಸಮಿತಿಯಲ್ಲಿ ತೀರ್ಮಾನವಾಯಿತು. ಯಾರು ಅಂದಾಗ ಎಲ್ಲರೂ ಎಪಿಫಾನಿಯಾಳ ಕಡೆ ತಿರುಗಿದರು. ಸಂತೆಯ ಈ ತುದಿಯಿಂದ ಆ ತುದಿಗೆ ಮುಟ್ಟುವ ಗಂಟಲು ಅವಳೊಬ್ಬಳದೇ. ಅವತ್ತು ಅವಳಿಗೆ ಒಳಗೊಳಗೇ ಹಿಗ್ಗಾಗಿತ್ತು, ಸುಳ್ಳೇಕೆ.

ನಿನ್ನೆ ಸಂಜೆ ಮೇಯರನ ಹೆಂಡತಿ ಗ್ಲಾದಿಸ್ ಬಂದಾಗಲೂ ಆದದ್ದು ಅದೇ ಜಾತಿಯ ಹಿಗ್ಗು, ಅದನ್ನು ನೆನೆಸಿಕೊಂಡರೆ ಈಗ ಮೈ ಜುಮ್ಮೆನ್ನುತ್ತಿತ್ತು. ಸಾಂತಾ ರುಫಿನಾದಲ್ಲಿ ಯಾವುದಕ್ಕೂ ಒಬ್ಬಳು ಮಾದ್ರಿನಾ, ಅಂದರೆ ಧರ್ಮತಾಯಿ, ನಿಂತು, ರಿಬ್ಬನ್ನಿಗೆ ಕಟ್ಟಿದ ಬಾಟಲಿಯನ್ನು ಸುತ್ತಿಗೆಯಿಂದ ಒಡೆಯದೆ ಅದು ಹುಟ್ಟಿದ ಲೆಕ್ಕವಲ್ಲ. ಕೂಸಿಗೆ ಹೆಸರಿಡುವ ಹಾಗೆಯೇ ಸೇತುವೆಗೂ ಆಗಬೇಕು, ಶೌಚಾಲಯಕ್ಕೂ ಆಗಬೇಕು, ಚೌಕದ ಕಸದ ಡಬ್ಬಿಗೂ ಆಗಿತ್ತು. ಮಾದ್ರಿನಾ ಆದವಳು ಅಲ್ಲಿಂದಾಚೆ ಕರೆದವರಿಗೆ ಕೊಮಾದ್ರೆ, ಕರೆದವನು ಅವಳಿಗೆ ಕೊಂಪಾದ್ರೆ. ರಕ್ತಕ್ಕಿಂತ ಹತ್ತಿರದ ನಂಟು, ಸಾಯುವವರೆಗೂ ಬಿಡಿಸಲಾಗದ್ದು. ಅದಕ್ಕೆಲ್ಲ ಔಷಧಿ ಅಂಗಡಿಯವನ ಹೆಂಡತಿ, ಬಸ್ಸಿನ ಮಾಲೀಕನ ಹೆಂಡತಿ ಇಂಥವರೇ ಆಗಬೇಕು. ಬೋಟಿಯವಳನ್ನು ಯಾರೂ ಒಂದು ಕಸದ ಡಬ್ಬಿಗೂ ಕರೆದಿರಲಿಲ್ಲ. ಗ್ಲಾದಿಸ್ ಬುಟ್ಟಿ ಇಳಿಸಿ, ಸುತ್ತಮುತ್ತ ನೋಡದೆ, ಪದ್ಧತಿಯಂತೆ ದಡಕ್ಕನೆ ಮಂಡಿಯೂರಿಬಿಟ್ಟಳು. ಊರಿದ್ದು ಬೋಟಿ ತೊಳೆದ ನೀರು ನಿಂತಿದ್ದ ಜಾಗದಲ್ಲಿ. ಹೊಸ ಲಂಗದ ಅಂಚು ಆ ಬೂದು ನೀರನ್ನು ಹೀರಿಕೊಳ್ಳುತ್ತ ಮೇಲೇರುವುದು ಎಪಿಫಾನಿಯಾಳ ಕಣ್ಣೆದುರೇ ಕಾಣುತ್ತಿತ್ತು. "ನಮ್ಮ ತೊಟ್ಟಿಗೆ ನೀವೇ ಮಾದ್ರಿನಾ ಆಗ್ಬೇಕು, ದೋನ್ಯಾ ಎಪಿಫಾನಿಯಾ. ಇಲ್ಲ ಅನ್ಬೇಡಿ. ನಿಮ್ಮ ಕೇರಿ ತೊಟ್ಟಿ, ನಿಮ್ಮ ಕೈಯೇ ಆಗ್ಬೇಕು ಅಂತಾರೆ ನಮ್ಮನೆಯವ್ರು." ಮಂಡಿಯೂರಿದವರನ್ನು ಹಿಡಿದೆತ್ತಿದರೆ ಒಪ್ಪಿದ ಹಾಗೆ. ಇದು ಮೇಲ್ಕೇರಿಯ ನಾಯಿಗೂ ಗೊತ್ತು. ಆದರೆ ಆ ಲಂಗ ನೆನೆಯುತ್ತಿತ್ತು. ಆ ನೆಲದ ಹೊಲಸು ತನ್ನ ಹೊಲಸಾಗಿತ್ತು. ಮೇಯರನ ಹೆಂಡತಿ ಮೂಗು ಮುರಿಯದೆ ಅದರಲ್ಲಿ ಕೂತಿದ್ದಳು. "ಏಳಮ್ಮಾ, ಏಳು, ಬಟ್ಟೆ ಹಾಳಾಗುತ್ತೆ," ಎಂದು ಎಪಿಫಾನಿಯಾ ಅವಳ ತೋಳಿಗೆ ಕೈ ಹಾಕಿದಳು. ನಾಚಿಕೆಗೆ ಹಾಕಿದ ಕೈ. ಎದ್ದು ನಿಂತ ಗ್ಲಾದಿಸ್ ಆಗಲೇ "ಕೊಮಾದ್ರೆ" ಎಂದು ತಬ್ಬಿಕೊಂಡು ಆಗಿತ್ತು. ಆಮೇಲೆ ಬುಟ್ಟಿಯಿಂದ ಬ್ರೆಡ್ಡು ಮುರಿದು ಇವಳ ಬಾಯಿಗಿಟ್ಟಳು. ಅಗಿದು ನುಂಗಿದ್ದು ಎಪಿಫಾನಿಯಾಳೇ, ಅದನ್ನು ಯಾರೂ ಒತ್ತಾಯದಿಂದ ನುಂಗಿಸಿರಲಿಲ್ಲ.

ಬಾಟಲಿ ಒಡೆಯುವುದು ಬೇರೆ, ಪ್ರಶ್ನೆ ಕೇಳುವುದು ಬೇರೆ ಎಂದು ಅವಳು ನಿದ್ದೆ ಬಾರದೆ ಹೊರಳುತ್ತ ತೀರ್ಮಾನ ಮಾಡಿಕೊಂಡಿದ್ದಳು. ಒಡೆಯುತ್ತೇನೆ, ಆಮೇಲೆ ಅದೇ ಬಾಯಿಂದ ಕೇಳುತ್ತೇನೆ. ಇನ್ನೂ ಒಳ್ಳೆಯದೇ ಆಯಿತು, ಮಾದ್ರಿನಾ ಕೇಳಿದರೆ ಉತ್ತರ ಹೇಳದೆ ಹೇಗೆ ತಪ್ಪಿಸಿಕೊಳ್ಳುತ್ತಾನೆ? ಇದನ್ನು ನಂಬಿಕೊಳ್ಳುವಷ್ಟು ದಡ್ಡಿ ಅವಳಲ್ಲ. ಅವಳ ಅವ್ವ ಕಳೆದುಹೋದ ಹಸುವನ್ನು ಹುಡುಕುತ್ತ ಬೆಟ್ಟ ಬೆಟ್ಟ ಅಲೆದು ಕಡೆಗೆ ತನ್ನ ಕೊಂಪಾದ್ರೆಯ ಅಂಗಳದಲ್ಲಿ ಅದನ್ನು ಕಂಡಿದ್ದಳು. ಹಸು ಅವ್ವನ ದನಿ ಕೇಳಿ ಹಗ್ಗ ಎಳೆದು ಕೂಗಿತು. ಅವ್ವ ಅದರ ಹಣೆಯ ಬಿಳಿ ಮಚ್ಚೆಯನ್ನು ನೋಡುತ್ತಲೇ, ಇದು ನಮ್ದಲ್ಲ ಎಂದು ಮಗಳ ಕೈ ಹಿಡಿದು ಬೆಟ್ಟ ಇಳಿದಳು. ಕೊಂಪಾದ್ರೆಯ ಮೇಲೆ ದನಿ ಎತ್ತಿದವರಿಗೆ ಮಣ್ಣೂ ಜಾಗ ಕೊಡುವುದಿಲ್ಲ ಎಂದು ಅವ್ವ ನಂಬಿದ್ದಳು. ಆ ದಾರಿಯುದ್ದಕ್ಕೂ ಅವ್ವನನ್ನು ಒದೆಯಬೇಕು ಅನ್ನಿಸಿದ್ದು ಎಪಿಫಾನಿಯಾಗೆ ಇವತ್ತಿಗೂ ನೆನಪಿತ್ತು.

"ಏನೇ ಎಪಿಫಾ, ಗಂಟಲು ಹೇಗಿದೆ? ಚಿಚಾ ಹೆಂಡ ಕುಡ್ದು ಕೆಡಿಸ್ಕೊಂಡಿಲ್ಲ ತಾನೆ?" ದೊಮಿತಿಲಾ ಒಳಗೆ ಬಂದದ್ದೇ ಒಲೆಯ ಪಕ್ಕ ಕುಕ್ಕರಿಸಿದಳು. ತಲೆ ಬಾಚಿ ಎರಡು ಜಡೆ ಹೆಣೆದು, ಹಬ್ಬದ ಟೋಪಿ ಹಾಕಿಕೊಂಡು ಬಂದಿದ್ದಳು.

"ಚೆನ್ನಾಗಿದೆ."

"ಎಲ್ಲಿ, ಹೇಳು ನೋಡೋಣ. ನಾನೇ ಮೇಯರ್ ಅಂದ್ಕೋ." ಅವಳು ಹೊಟ್ಟೆ ಮುಂದೆ ಚಾಚಿ, ತುಟಿ ಉಬ್ಬಿಸಿ, ಇಲ್ಲದ ಟೈ ನೇವರಿಸಿಕೊಂಡಳು.

"ಮೇಯರ್ ಅವ್ರೇ, ಕಸಾಯಿಖಾನೆ ಕೊಳವೆ ಈ ತೊಟ್ಟಿಗೆ ಎಲ್ಲಿ ಬಂದು ಸೇರುತ್ತೆ, ತೋರ್ಸಿ."

"ಥೂ, ಇದೇನು ಪಾಪ ನಿವೇದನೆ ಮಾಡ್ಕೊಳ್ಳೋ ಹಂಗೆ! ಬೋಟಿ ಬೋಟಿ ಅಂತ ಕೂಗ್ತೀಯಲ್ಲ, ಹಂಗೆ ಕೂಗು. ಅವ್ನ ಕಿವಿ ತಮಟೆ ಹರೀಬೇಕು." ಅಷ್ಟರಲ್ಲಿ ಅವಳ ಕಣ್ಣು ಮೇಜಿನ ಕೆಳಗೆ ಹೋಯಿತು. ಕೈಯೂ ಹೋಯಿತು. "ಅಬ್ಬಾ, ಮೊಟ್ಟೆ ಹಾಕಿದ ಬ್ರೆಡ್ಡು! ಯಾವ ಸಾಹುಕಾರ ಕಳ್ಸಿದ್ನೇ ನಿಂಗೆ?"

"ತಂಗಿ ಕಳ್ಸಿದ್ದು."

"ನಿನ್ ತಂಗಿ? ಉಪ್ಪು ಕೇಳಿದ್ರೆ ಕಣ್ಣೀರು ಕೊಡೋಳು!" ದೊಮಿತಿಲಾ ನಗುತ್ತ ಒಂದು ಬ್ರೆಡ್ಡನ್ನು ಮುರಿದು, ಕುದಿಯುವ ಬೋಟಿ ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ತಿಂದಳು. ಗದ್ದದ ಮೇಲೆ ಜಿಡ್ಡು ಇಳಿಯಿತು. ಉಳಿದರ್ಧವನ್ನು ಮೊಮ್ಮಗಳಿಗೆಂದು ಸೆರಗಿನಂತೆ ಹೊದ್ದಿದ್ದ ಕಂಬಳಿಯಲ್ಲಿ ಕಟ್ಟಿಕೊಂಡಳು. ಬೇಡ ಕಣೇ, ಬಾಯಿಗಿಡಬೇಡ, ಎಂದು ಎಪಿಫಾನಿಯಾ ಹೇಳಬೇಕು ಅಂದುಕೊಂಡಳು, ಅಂದುಕೊಂಡದ್ದು ಅಷ್ಟೇ. ಅದಕ್ಕಿಂತ ಅಸಹ್ಯವಾದದ್ದೆಂದರೆ, ದೊಮಿತಿಲಾ ಅಗಿಯುತ್ತಿದ್ದಷ್ಟು ಹೊತ್ತು ಅವಳಿಗೆ ಸ್ವಲ್ಪ ಹಗುರ ಅನ್ನಿಸಿತ್ತು, ಈಗ ಇವಳೂ ತಿಂದಳಲ್ಲ ಎಂದು.

ತೊಟ್ಟಿಯ ಸುತ್ತ ಶಾಮಿಯಾನ ಹಾಕಿದ್ದರು. ಲೆಕ್ಕ ಒಪ್ಪಿಸುವ ಸಭೆಯೂ ಅಲ್ಲೇ, ಉದ್ಘಾಟನೆಯೂ ಅಲ್ಲೇ, ಊಟವೂ ಅಲ್ಲೇ. ಎಲ್ಲವನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದರಲ್ಲಿ ರುಸ್ಬೆಲ್ ತಿನೆಯೋ ಪಳಗಿದವನು. ಒಂದು ಕಡೆ ಬ್ಯಾಂಡು, ಇನ್ನೊಂದು ಕಡೆ ಇಡೀ ಹಂದಿಗಳನ್ನು ಸುಡುವ ಒಲೆ. ಕೊಬ್ಬು ಕರಗುವ ವಾಸನೆಯೂ ಕಾಲುವೆಯ ವಾಸನೆಯೂ ಕೂಡಿ ಒಂದು ಮೂರನೆಯ ವಾಸನೆಯಾಗಿ ಜನರ ನಡುವೆ ಓಡಾಡುತ್ತಿತ್ತು. ಜನ ಮಾತ್ರ ಅದರಲ್ಲಿ ಹಂದಿಯನ್ನಷ್ಟೇ ಆರಿಸಿಕೊಂಡು ಮೂಸುತ್ತಿದ್ದರು. ತೊಟ್ಟಿಯ ಬುಡದಲ್ಲಿ ಆ ಹೆಣ್ಣುನಾಯಿ ಮೊಲೆ ಜೋತಾಡಿಸಿಕೊಂಡು, ಗೋಡೆಗೆ ಮೂಗು ಹಚ್ಚಿ ಸುತ್ತು ಹಾಕುತ್ತಿತ್ತು. ಮರಿಗಳನ್ನು ಏನು ಮಾಡಿದರೆಂದು ಯಾರೂ ಕೇಳಲಿಲ್ಲ, ಎಪಿಫಾನಿಯಾಳೂ ಕೇಳಲಿಲ್ಲ. ಸಮಿತಿಯವರು ಒಂದೇ ಬೆಂಚಿನಲ್ಲಿ ಒತ್ತಾಗಿ ಕೂತಿದ್ದರು. ಅವರ ನಡುವೆ ಅವಳಿಗಾಗಿ ದೊಮಿತಿಲಾ ಜಾಗ ಹಿಡಿದಿದ್ದಳು. ಆ ಜಾಗದಲ್ಲಿ ಕೂತು ಇನ್ನೇನು ಬಾಯಿ ಬಿಡಬೇಕು, ನೋಡೇ ದೊಮಿ, ಒಂದು ವಿಷಯ, ಎನ್ನಬೇಕು ಅನ್ನುವಷ್ಟರಲ್ಲಿ ಧ್ವನಿವರ್ಧಕ ಕೀರಲಿಟ್ಟಿತು. "ಈ ಮಹತ್ಕಾರ್ಯದ ಮಾದ್ರಿನಾ, ನಮ್ಮೆಲ್ಲರ ಪ್ರೀತಿಯ ಸೆನ್ಯೋರಾ ಎಪಿಫಾನಿಯಾ ಸುಲ್ಕಾ ಅವರು ವೇದಿಕೆಗೆ ಬರಬೇಕು!"

ಬೆಂಚಿನಲ್ಲಿ ಒಬ್ಬರೂ ಅಲುಗಲಿಲ್ಲ. ಬೇರೆ ಯಾವುದೋ ಎಪಿಫಾನಿಯಾ ಇರಬೇಕೆಂದು ಪ್ರುದೆನ್ಸಿಯೋ ಹಿಂದೆ ತಿರುಗಿಯೂ ನೋಡಿದ. ಅವಳು ಎದ್ದಳು. ಎದ್ದಾಗ ದೊಮಿತಿಲಾಳ ಮುಖ ನೋಡಬಾರದು ಅಂದುಕೊಂಡು ಅವಳ ಕೈಯನ್ನು ನೋಡಿದಳು. ಆ ಕೈ ಕಂಬಳಿಯ ಗಂಟಿನ ಮೇಲೆ, ಅರ್ಧ ಬ್ರೆಡ್ಡು ಕಟ್ಟಿದ್ದ ಜಾಗದ ಮೇಲೆ ಇತ್ತು. ಆಮೇಲೆ ನಡೆದದ್ದೆಲ್ಲ ಯಾರದೋ ಮೈಗೆ ನಡೆದ ಹಾಗೆ ನಡೆಯಿತು. ಎದೆಗೆ ಅಡ್ಡವಾಗಿ ಮಿರುಗುವ ಪಟ್ಟಿ ಹಾಕಿದರು. ರಿಬ್ಬನ್ನು ಸುತ್ತಿದ ಸಣ್ಣ ಸುತ್ತಿಗೆ ಕೊಟ್ಟರು. ಮೇಯರ್ "ಕೊಮಾದ್ರೆ!" ಎಂದು ಎರಡೂ ತೋಳು ಚಾಚಿ ಬಂದು ಕೆನ್ನೆಗೆ ಕೆನ್ನೆ ಒತ್ತಿದ. ಸೆಂಟು ಘಮ್ಮೆಂದಿತು. ಅಷ್ಟು ಹತ್ತಿರದಲ್ಲಿ ಅವಳಿಗೆ ಸ್ಪಷ್ಟವಾಗಿ ತಿಳಿಯಿತು, ಅವನು ಉಸಿರು ಬಿಗಿ ಹಿಡಿದಿದ್ದ. ಅವಳಿಂದ ಮುಖ ದೂರ ತೆಗೆದುಕೊಂಡ ಮೇಲೆಯೇ, ನಗುತ್ತ, ಉಸಿರು ಬಿಟ್ಟ. ಆ ಕ್ಷಣದಲ್ಲೇ ಪಟ್ಟಿ ಕಿತ್ತೆಸೆದು ಇಳಿದುಬಿಡಬಹುದಿತ್ತು. ಬದಲಿಗೆ ಅವಳು ತನ್ನ ಕೈಗಳನ್ನು ಪಟ್ಟಿಯ ಹಿಂದೆ ಮರೆ ಮಾಡಿಕೊಂಡಳು. ಮೊದಲ ಏಟಿಗೆ ಬಾಟಲಿ ಒಡೆಯಲಿಲ್ಲ, ಠಣ್ಣೆಂದು ತೂಗಾಡಿತು. ಯಾರೋ ಕೂಗಿದರು: "ಬೋಟಿ ಕೊಚ್ಚೋ ಕೈ ಅಲ್ವೇನಮ್ಮಾ, ಜೋರಾಗಿ ಹೊಡಿ!" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಮೇಯರನೂ ನಕ್ಕ, ನಾಚಿಕೆಗೆಟ್ಟ ಅವಳ ಬಾಯಿಯೂ ನಕ್ಕಿತು. ಎರಡನೆಯ ಏಟಿಗೆ ನೊರೆ ಅವಳ ಮುಖಕ್ಕೇ ಹಾರಿತು. ಸಿಹಿಸಿಹಿಯಾದ, ಅಗ್ಗದ ನೊರೆ.

ಆಮೇಲೆ ಊಟ. ಅವಳನ್ನು ಮೇಯರನ ಮಗ್ಗುಲಲ್ಲೇ ಕೂರಿಸಿ, ಎಲ್ಲರಿಗಿಂತ ದೊಡ್ಡ ತುಂಡು, ಗರಿಗರಿ ಚರ್ಮದ ಸಮೇತ, ಆಲೂಗಡ್ಡೆಯ ಗುಡ್ಡೆಯ ಮೇಲೆ ಇಟ್ಟುಕೊಟ್ಟರು. ಸಮಿತಿಯ ಬೆಂಚಿಗೂ ತಟ್ಟೆಗಳು ಹೋದವು. ಅವರು ತಿನ್ನಲಾರರು, ತಿನ್ನಬಾರದು ಎಂದು ಅವಳು ಕಣ್ಣಂಚಿನಲ್ಲಿ ಕಾಯುತ್ತಿದ್ದಳು. ಮೊದಲು ಪ್ರುದೆನ್ಸಿಯೋ ಬೆರಳಿನಿಂದ ಚರ್ಮ ಸುಲಿದ, ಆಮೇಲೆ ಬೆಂಚೆಲ್ಲ ಬಗ್ಗಿ ತಿಂದಿತು. ದೊಮಿತಿಲಾ ಒಬ್ಬಳು ತಟ್ಟೆಯನ್ನು ನೆಲದ ಮೇಲಿಟ್ಟಳು. ಹೆಣ್ಣುನಾಯಿ ಬಂದು ಅದನ್ನು ತಿಂದು ಮತ್ತೆ ಗೋಡೆ ಮೂಸಲು ಹೋಯಿತು. ಎಪಿಫಾನಿಯಾ ತನ್ನ ತಟ್ಟೆ ಖಾಲಿ ಮಾಡಿದಳು. ಹಸಿವಿಲ್ಲದಿದ್ದರೂ, ಕೊನೆಯ ತುಣುಕಿನವರೆಗೂ. ನಂಟಿನವರ ಊಟ ಬಿಡುವ ಹಾಗಿಲ್ಲ.

ಎಲ್ಲರ ಕೈ ಬಾಯಿ ಜಿಡ್ಡಾದ ಮೇಲೆ ಮೇಯರ್ ಎದ್ದು ವರ್ಷದ ಕೆಲಸಗಳನ್ನು ಓದಿದ. ಈಗ ಪ್ರಶ್ನೆಗಳು ಎಂದ. ಪ್ರುದೆನ್ಸಿಯೋ ಬಾಯೊರೆಸಿಕೊಂಡು ನಿಂತು, ನೆಲ ನೋಡುತ್ತ, ಮೇಲ್ಕೇರಿ ಸಮಿತಿಯ ಪರವಾಗಿ ಎಪಿಫಾನಿಯಾ ಸುಲ್ಕಾ ಮಾತಾಡ್ತಾರೆ, ಎಂದು ಗೊಣಗಿ ಕೂತ. ಅವಳು ಎದ್ದಳು. ಪ್ರಶ್ನೆ ನಾಲಿಗೆಯ ಬುಡದಲ್ಲಿತ್ತು, ಒಂದೊಂದು ಶಬ್ದವೂ ಜಾಗದಲ್ಲಿತ್ತು. ಮೇಯರ್ ಅವ್ರೇ ಎಂದು ಶುರು ಮಾಡಬೇಕು, ಅಷ್ಟೇ. ಆದರೆ ಅವನು ಈಗ ಮೇಯರ್ ಅವ್ರೇ ಅಲ್ಲ. ಹಂದಿಯ ಕೊಬ್ಬು ಅಂಗುಳಿಗೆ ಮೆತ್ತಿಕೊಂಡಿತ್ತು, ನಾಲಿಗೆಯಿಂದ ಕೆರೆದರೂ ಬಿಡುತ್ತಿರಲಿಲ್ಲ. "ಸಮಿತಿ ಕಡೆಯಿಂದ," ಎಂದಳು, ಮತ್ತೆ "ಎಲ್ಲಾರ್ಗೂ ಒಳ್ಳೇದಾಗ್ಲಿ," ಎಂದಳು, ಕೂತಳು. ಚಪ್ಪಾಳೆ ಬಿತ್ತು.

ಆಗ ದೊಮಿತಿಲಾ ನಿಂತಳು. ಅವಳ ಗಂಟಲು ಸಣ್ಣದು, ಕೈಗೆ ಧ್ವನಿವರ್ಧಕವನ್ನೂ ಯಾರೂ ಕೊಡಲಿಲ್ಲ. ಆದರೂ ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು. "ಕಸಾಯಿಖಾನೆ ಕೊಳವೆ ಈ ತೊಟ್ಟಿಗೆ ಸೇರಿಲ್ಲ. ನಾವು ಕಣ್ಣಾರೆ ನೋಡಿದೀವಿ. ಸೇರಿದ್ರೆ ಎಲ್ಲಿ ಅಂತ ತೋರ್ಸಪ್ಪಾ. ನನ್ನ ಮೊಮ್ಮಗಳ ಕಾಲು ಕೊಳೀತಾ ಇದೆ."

ಮೇಯರ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಏನಾದರೂ ಆಗುತ್ತಿತ್ತೇನೋ. ಮಗುವಿನ ಮಾತು ಕೇಳಿದವನಂತೆ ತಲೆದೂಗಿ, "ಅಮ್ಮಾ, ನನ್ನ ಮಾತು ನಂಬೋದೇ ಬೇಡ," ಎಂದ. "ಮಾದ್ರಿನಾ ಇಲ್ಲೇ ಕೂತಿದಾರೆ, ನಿಮ್ಮ ಸಮಿತಿಯವ್ರೇ, ನಿಮ್ಮ ಪಕ್ಕದ ಮನೆಯವ್ರೇ. ಸತ್ತ ಕೂಸಿಗೆ ಯಾರಾದ್ರೂ ಹೆಸ್ರಿಡ್ತಾರಾ? ಅವ್ರೇ ಹೇಳ್ಲಿ. ಕೊಮಾದ್ರೆ, ಕೊಳವೆ ಸೇರಿದೆಯೋ, ಇಲ್ವೋ?" ಎಂದವನೇ ಧ್ವನಿವರ್ಧಕವನ್ನು ಅವಳ ಬಾಯಿಗೆ ಹಿಡಿದ. ಎಷ್ಟು ಹತ್ತಿರ ಹಿಡಿದನೆಂದರೆ ಅವಳ ಉಸಿರು ಬೆಟ್ಟಕ್ಕೆಲ್ಲ ಕೇಳಿಸಿತು. ಇಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಎರಡು ಅಕ್ಷರ. ಅವಳು ದೊಮಿತಿಲಾಳನ್ನು ನೋಡಿದಳು. ದೊಮಿತಿಲಾ ಇನ್ನೂ ಕಾಯುತ್ತಿದ್ದಳು. ಪಟ್ಟಿ, ಸುತ್ತಿಗೆ, ಖಾಲಿ ತಟ್ಟೆ ಎಲ್ಲ ನೋಡಿದ ಮೇಲೂ ಆ ಮುಖದಲ್ಲಿ ಇವಳು ಹೇಳುತ್ತಾಳೆ ಎಂಬುದು ಇನ್ನೂ ಅಳಿದಿರಲಿಲ್ಲ. ಅದನ್ನು ಎಪಿಫಾನಿಯಾಗೆ ತಡೆಯಲಾಗಲಿಲ್ಲ. ಬೇಗ ಮುಗಿಯಲಿ ಅನ್ನಿಸಿತು.

"ಸೇರಿದೆ, ಕೊಂಪಾದ್ರೆ," ಎಂದಳು. ಗಂಟಲು ಚೆನ್ನಾಗಿಯೇ ಇತ್ತು. ಸಂತೆಯ ದನಿ, ಒಡಕಿಲ್ಲದೆ, ಗಟ್ಟಿಯಾಗಿ ಬಂತು.

ಬ್ಯಾಂಡು ಶುರುವಾಯಿತು. ಚದುರುತ್ತಿದ್ದ ಜನರ ನಡುವೆ ದೊಮಿತಿಲಾ ಅವಳ ಹತ್ತಿರ ಬಂದಳು. ಉಗುಳುತ್ತಾಳೆ, ಜಡೆ ಹಿಡಿದು ಎಳೆಯುತ್ತಾಳೆ ಎಂದು ಎಪಿಫಾನಿಯಾ ಅಲುಗದೆ ನಿಂತಳು. ಅವಳಿಗೆ ಅದು ಬೇಕಾಗಿತ್ತು. ದೊಮಿತಿಲಾ ಕಂಬಳಿಯ ಗಂಟು ಬಿಚ್ಚಿ, ಅರ್ಧ ಬ್ರೆಡ್ಡನ್ನು ಅವಳ ಕೈಗಿಟ್ಟಳು. "ನಂಗೂ ತಿನ್ಸಿದ್ಯಲ್ಲೇ," ಎಂದಳು, ಅಷ್ಟು ಮೆಲ್ಲಗೆ ಎಂದರೆ ಬೈದ ಹಾಗೆಯೂ ಇರಲಿಲ್ಲ. ಆಮೇಲೆ ಟೋಪಿ ಸರಿಮಾಡಿಕೊಂಡು ಇಳಿಜಾರಿನಲ್ಲಿ ಹೊರಟುಹೋದಳು.

ಎಪಿಫಾನಿಯಾ ಕಾಲುವೆಯ ದಂಡೆ ಹಿಡಿದು ಮನೆಗೆ ಹೊರಟಳು. ಪಟ್ಟಿ ತೆಗೆಯಲು ನೋಡಿದರೆ ಹಿಂದೆ ಪಿನ್ನು ಹಾಕಿದ್ದರು, ಕೈಗೆ ಎಟುಕಲಿಲ್ಲ. ಇವತ್ತು ದನ ಕಡಿದಿದ್ದರು. ನೀರು ಇನ್ನೂ ಕೆಂಪಿನಿಂದ ಕಂದಿಗೆ ತಿರುಗುತ್ತಿತ್ತು, ದಾರಿಯುದ್ದಕ್ಕೂ ಅವಳ ಮಗ್ಗುಲಲ್ಲೇ ಬಂತು. ಬ್ರೆಡ್ಡನ್ನು ಅದರೊಳಗೆ ಎಸೆಯಬೇಕೆಂದು ಕೈ ಎತ್ತಿದವಳಿಗೆ ಹಿಂದೆ ಯಾರೋ ಓಡಿ ಬರುವ ಸದ್ದು ಕೇಳಿಸಿತು. ಪ್ರುದೆನ್ಸಿಯೋ. ಬಾ, ಎಂದುಕೊಂಡಳು, ನೀನಾದರೂ ಬೈ. ತೊಟ್ಟಿಯ ಸುತ್ತ ಹೊಟ್ಟೆಯ ಮೇಲೆ ತೆವಳಿದವನು ನೀನು, ನಿನಗೆ ಹಕ್ಕಿದೆ. ಅವನು ಏದುಸಿರು ಬಿಡುತ್ತ ಬಂದು ನಿಂತು, ಟೋಪಿ ತೆಗೆದು, ಅದನ್ನು ಎದೆಗೆ ಹಿಡಿದುಕೊಂಡ. ಅವಳೆದುರು ಅವನು ಟೋಪಿ ತೆಗೆದದ್ದು ಅದೇ ಮೊದಲು.

"ದೋನ್ಯಾ ಎಪಿಫಾನಿಯಾ, ಒಂದ್ ಮಾತು," ಎಂದ. "ಆ ತೊಟ್ಟಿಗೆ ಕಾವಲಿಗೆ ಒಬ್ಬನ್ನ ಹಾಕ್ತಾರಂತೆ. ನಮ್ಮ ಅಳಿಯ ಸುಮ್ನೆ ಕೂತಿದಾನೆ, ನಿಮಗ್ ಗೊತ್ತಲ್ಲ. ನಿಮ್ಮ ಕೊಂಪಾದ್ರೆ ಕಿವಿಗೆ ಒಂಚೂರು ಹಾಕಿದ್ರೆ..."

ಅವಳು ಅವನ ಗದ್ದದ ಮೇಲೆ ಇನ್ನೂ ಹೊಳೆಯುತ್ತಿದ್ದ ಕೊಬ್ಬನ್ನು ನೋಡಿದಳು. ಬ್ರೆಡ್ಡಿದ್ದ ಕೈಯನ್ನು ಇಳಿಸಿದಳು. ಯಾಕೋ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ನಾಳೆ ಬಾ," ಎಂದಳು, "ನೋಡೋಣ."